ಮೇಲಿನ ಸಾಲಿನ ಯುಜು

ನವೆಂಬರ್ ೪

ಜ್ವರ ಬಿಟ್ಟಿತು. ಐದು ದಿನ ಮಲಗಿದ್ದೆ ಎಂದು ಗಂಡ ಗೆನ್ಸಾಕು ಹೇಳುತ್ತಾರೆ. ನನ್ನ ಲೆಕ್ಕಕ್ಕೆ ಮೂರೇ ದಿನ. ಐವತ್ತೊಂಬತ್ತು ವರ್ಷಗಳಲ್ಲಿ ಯುಜು ನಿಂಬೆಯ ಕೊಯ್ಲಿನ ಹೊತ್ತಿಗೆ ನಾನು ಹಾಸಿಗೆ ಹಿಡಿದದ್ದು ಇದೇ ಮೊದಲು, ಇದೇ ಕೊನೆ.

ಎದ್ದವಳೇ ಹಿಂಡುವ ಮನೆಗೆ ಹೋದೆ. ಇಪ್ಪತ್ತು ಬುಟ್ಟಿ ಹಣ್ಣು ಬಂದು ಕೂತಿತ್ತು. ಬಣ್ಣ ಚೆನ್ನಾಗಿದೆ, ತೂಕ ಚೆನ್ನಾಗಿದೆ. ಆದರೆ ಹೊಸದಾಗಿ ಬಂದ ಹೆಂಗಸರು ಎರಡು ಹೋಳು ಮಾಡಿದ ಹಣ್ಣನ್ನು ಸಿಪ್ಪೆ ಮೇಲಾಗಿ ಒತ್ತುಮಣೆಗೆ ಇಡುತ್ತಿದ್ದರು. ನೋಡಿ ಮೈ ಉರಿಯಿತು.

"ಸಿಪ್ಪೆ ಕೆಳಗೆ ಬರ್ಬೇಕು, ಸಿಪ್ಪೆ ಕೆಳಗೆ! ರಸ ಸಿಪ್ಪೆ ಮೇಲೆ ಹರ್ಕೊಂಡು ಬಂದ್ರೆ ತಾನೆ ಅದ್ರ ಎಣ್ಣೆ ಸೇರೋದು? ನೀವು ಹಿಂಡ್ತಿರೋದು ಬರೀ ಹುಳಿ ನೀರು."

ತ್ಸುರು ಅಜ್ಜಿ ಒತ್ತುಮಣೆಯ ಹಿಡಿ ಬಿಡದೆ ನಕ್ಕಳು. ನಲವತ್ತು ವರ್ಷದಿಂದ ನಮ್ಮಲ್ಲಿ ಹಣ್ಣು ಹಿಂಡುವವಳು, ನನಗೆ ಹೆದರದವಳು ಅವಳೊಬ್ಬಳೇ. "ಜ್ವರ ಬಿಡ್ತು ಅಂತ ಈಗ ಗೊತ್ತಾಯ್ತು ನೋಡ್ರೇ. ಬೈಗುಳ ಶುರುವಾಯ್ತಲ್ಲ."

ಬಯ್ಯದೆ ಏನು ಮಾಡಲಿ? ನಾಲ್ಕನೆಯ ಪೀಪಾಯಿಯ ಶೋಯು ಈ ಸಲ ಬೆರಕೆಗೆ ಬಂದಿದೆ. ಮೂರು ವರ್ಷ ದೇವದಾರು ಹಲಗೆಗಳ ನಡುವೆ ಕೂತು ಹಣ್ಣಾದ ಸೋಯಾ ರಸ. ಜನವರಿ ಐದರಂದು, ಕಡುಚಳಿ ಕಾಲಿಡುವ ದಿನ, ಅದಕ್ಕೆ ಯುಜು ರಸ ಬೆರೆಸಬೇಕು. ಪೊನ್‌ಜು ಎಂಬ ಈ ಬೆರಕೆ ಮೊನೊಬೆ ಕಣಿವೆಯ ಮನೆಮನೆಯಲ್ಲೂ ಆಗುತ್ತದೆ. ಆದರೆ ನಮ್ಮ ಚಿಕಾಮೊರಿ ಮನೆಯ ಪೊನ್‌ಜುವಿಗಾಗಿ ಕೆಳಗಿನ ಬಂದರುಗಳಲ್ಲಿ ಜನ ವಸಂತದವರೆಗೆ ಕಾಯುತ್ತಾರೆ. ಇದಕ್ಕೆ ಬರೆದಿಟ್ಟ ಅಳತೆ ಇಲ್ಲ. ಹಣ್ಣು ಒಂದು ವರ್ಷ ಇದ್ದಂತೆ ಇನ್ನೊಂದು ವರ್ಷ ಇರುವುದಿಲ್ಲ. ಎಷ್ಟು ಬೆರೆಸಬೇಕೆಂದು ಅಪ್ಪನ ಮೂಗು ಹೇಳುತ್ತಿತ್ತು, ಈಗ ನನ್ನ ಮೂಗು ಹೇಳುತ್ತದೆ. ಒಮ್ಮೆ ಸುರಿದ ಮೇಲೆ ವಾಪಸು ತೆಗೆಯಲಾಗುವುದಿಲ್ಲ. ತಪ್ಪಿದರೆ ಮೂರು ವರ್ಷದ ಕೆಲಸ ಚರಂಡಿಗೆ. ನನ್ನ ಕೈಯಲ್ಲಿ ಹದಿನೆಂಟು ವರ್ಷದಿಂದ ತಪ್ಪಿಲ್ಲ.

ನವೆಂಬರ್ ೭

ಈ ವರ್ಷದ ಯುಜುವಿಗೆ ಘಮವೇ ಇಲ್ಲ.

ಮೊದಲ ದಿನವೇ ಅನುಮಾನ ಬಂದಿತ್ತು. ಇವತ್ತು ನಾಲ್ಕು ಬುಟ್ಟಿಯಿಂದ ಒಂದೊಂದು ಹಣ್ಣು ತೆಗೆದು ಉಗುರಿನಿಂದ ಗೀರಿ ನೋಡಿದೆ. ಸಿಪ್ಪೆಯಿಂದ ಎಣ್ಣೆ ಚಿಮ್ಮಿತು, ಕಣ್ಣು ಉರಿಯಿತು, ವಾಸನೆ ಮಾತ್ರ ಇಲ್ಲ. ಸೆಪ್ಟೆಂಬರಿನಲ್ಲಿ ಬಿದ್ದ ಮಳೆಯ ಫಲ. ಗೆನ್ಸಾಕುವಿಗೆ ಹೇಳಿದೆ. ಶೋಯು ನನ್ನದು, ತೋಟ ಅವರದು. ಈ ಮನೆಗೆ ಅಳಿಯನಾಗಿ ಬಂದು ನಮ್ಮ ಮನೆತನದ ಹೆಸರು ಇಟ್ಟುಕೊಂಡ ವರ್ಷದಿಂದ ಬೆಟ್ಟದ ಇಳಿಜಾರಿನ ಮರಗಳನ್ನು ಸಾಕಿಕೊಂಡು ಬಂದಿದ್ದಾರೆ.

"ಮೇಲಿನ ಸಾಲಿನ ಹಣ್ಣೂ ಹೀಗೇನಾ?" ಎಂದು ಕೇಳಿದರು. ಮೇಲಿನ ಸಾಲು ಎಂದರೆ ಬೀಜ ಬಿತ್ತಿ ಬೆಳೆಸಿದ ಐದು ಮರ. ನನ್ನ ಅಜ್ಜ ಹಾಕಿದ್ದು. ಕಸಿ ಮರದ ಹಣ್ಣು ಬುಟ್ಟಿ ತುಂಬಲಿಕ್ಕೆ, ಬೀಜದ ಮರದ ಹಣ್ಣು ಪರಿಮಳಕ್ಕೆ.

"ಅದೇ ಎಲ್ಲಕ್ಕಿಂತ ಸಪ್ಪೆ," ಎಂದೆ.

ಅವರು ಹಣ್ಣನ್ನು ಮೂಗಿಗೆ ಹಿಡಿದು ನೋಡಿದರು. ಅವರ ಮೂಗು ನಮ್ಮ ಮನೆಯಲ್ಲಿ ಹಾಸ್ಯದ ವಸ್ತು. ಒಮ್ಮೆ ಸೀಮೆಎಣ್ಣೆ ಡಬ್ಬಿಯನ್ನು ಅಕ್ಕಿಯ ಮದ್ಯ ‘ಸಾಕೆ’ ಎಂದುಕೊಂಡು ಬೆಚ್ಚಗೆ ಮಾಡಲು ಹೊರಟವರು.

"ನಂಗೇನೋ ಚೆನ್ನಾಗೇ ಬರ್ತಿದೆ ಅನ್ಸತ್ತೆ, ಮಿಸಾವೊ."

"ನಿಮಗೆ ಅನ್ಸತ್ತೆ. ನಂಗೆ ಗೊತ್ತಾಗತ್ತೆ."

ಹಣ್ಣನ್ನು ಅಲ್ಲೇ ಬುಟ್ಟಿಯಲ್ಲಿಟ್ಟು ಹೋದರು.

ನವೆಂಬರ್ ೧೨

ಕೊಯ್ಲಿನವರಿಗೆ ಮಧ್ಯಾಹ್ನದ ಊಟ ನಾನೇ ಮಾಡಿದೆ. ಪ್ರತಿ ವರ್ಷದಂತೆ ಯುಜು ರಸ ಹಾಕಿ ಕಲಸಿದ ಅನ್ನ, ಮೇಲೆ ಉಪ್ಪು ಹಾಕಿದ ಬಂಗುಡೆ, ಅಣಬೆ. ರಸ ಸಪ್ಪೆಯಾದ್ದರಿಂದ ಒಂದು ಬಟ್ಟಲು ಜಾಸ್ತಿ ಹಾಕಿದೆ. ಆಮೇಲೆ ಇನ್ನೊಂದು. ಉಪ್ಪೂ ಸ್ವಲ್ಪ ಏರಿಸಿದೆ.

ಮೊದಲ ತುತ್ತಿಗೆ ಎಲ್ಲರೂ ಮಾತು ನಿಲ್ಲಿಸಿದರು. ತ್ಸುರು ಅಜ್ಜಿ ಒಂದು ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಹಾಗೇ ಕೂತಿದ್ದಳು.

"ಏನಜ್ಜಿ, ಗಂಟಲಲ್ಲಿ ಸಿಕ್ಕಿತಾ?"

"ಇಲ್ಲಮ್ಮ. ಉಳಿದಿರೋ ನಾಲ್ಕು ಹಲ್ಲು ಇದೆಯಾ ಹೋಯ್ತಾ ಅಂತ ನೋಡ್ತಿದ್ದೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಈಗಿನವರ ನಾಲಿಗೆಗೆ ಹುಳಿ ಅಂದರೇನೆಂದೇ ಮರೆತುಹೋಗಿದೆ. ಎಲ್ಲದಕ್ಕೂ ಸಕ್ಕರೆ ಬೇಕು. ಅರ್ಧ ಪಾತ್ರೆ ಉಳಿಯಿತು. ರಾತ್ರಿಗೆ ಅದನ್ನೇ ನಾನು ತಿಂದೆ. ಏನೂ ದೋಷ ಕಾಣಲಿಲ್ಲ.

ಕುರೆ ಬಂದರಿನಿಂದ ತಂಗಿ ಫುಸಾ ಒಣ ಕತ್ಸುವೊ ಮೀನಿನ ಪೆಟ್ಟಿಗೆ ಕಳಿಸಿದ್ದಾಳೆ. ಅಲ್ಲಿ ಅವಳದೊಂದು ಪುಟ್ಟ ಊಟದ ಅಂಗಡಿ ಇದೆ. ಹುಲ್ಲಿನ ಬೆಂಕಿಯಲ್ಲಿ ಮೀನು ಸುಟ್ಟು, ಹೆಚ್ಚಿ, ಮೇಲೆ ನಮ್ಮ ಪೊನ್‌ಜು ಸುರಿದು ಕೊಡುತ್ತಾಳೆ. ಪೆಟ್ಟಿಗೆಯಲ್ಲಿ ಚೀಟಿ ಇಲ್ಲ. ಯಾವ ವರ್ಷವೂ ಇರುವುದಿಲ್ಲ.

ನವೆಂಬರ್ ೨೦

ಹಿಂಡುವ ಕೆಲಸ ಮುಗಿಯಿತು. ಉಪ್ಪು ಹಾಕಿ ರಸವನ್ನು ಜಾಡಿಗಳಲ್ಲಿ ಮುಚ್ಚಿಟ್ಟಿದ್ದೇನೆ. ಮೇಲಿನ ಸಾಲಿನದು ಬೇರೆ ಜಾಡಿಯಲ್ಲಿ.

ಗೆನ್ಸಾಕು ಊಟದ ನಡುವೆ ಕೇಳಿದರು, "ಮರಕ್ಕೆ ವಯಸ್ಸಾದ್ರೆ ಘಮ ಹೋಗತ್ತಾ?"

"ಹೋಗ್ದೆ ಏನು. ಎಂಬತ್ತು ವರ್ಷ ಆಯ್ತಲ್ಲ."

"ಹಂಗಾದ್ರೆ ಜಾಗ ಖಾಲಿ ಮಾಡಿ ಹೊಸದು ಹಾಕ್ಬೇಕಾಗತ್ತೆ."

ತೋಟದ ವಿಷಯ ಅವರಿಗೇ ಬಿಟ್ಟಿದ್ದು ಎಂದೆ.

ಡಿಸೆಂಬರ್ ೨

ನಿನ್ನೆ ಕೊಜಿ ಕೋಣೆಯ, ಅಂದರೆ ಮುಂದಿನ ಶೋಯುವಿಗೆ ಬೂಷ್ಟು ಬೆಳೆಸುವ ಕೋಣೆಯ, ಒಲೆ ಹಚ್ಚಿದೆವು. ಬೇಯಿಸಿದ ಸೋಯಾ ಕಾಳು, ಹುರಿದು ಒಡೆದ ಗೋಧಿ, ಮೇಲೆ ಬೂಷ್ಟಿನ ಬೀಜ. ನಾಲ್ಕು ದಿನ ಆ ಬೂಷ್ಟನ್ನು ಬಾಣಂತಿಯ ಹಾಗೆ ನೋಡಿಕೊಳ್ಳಬೇಕು. ಗೇಟಿಗೆ ಹಲಗೆ ನೇತುಹಾಕಿದ್ದೇನೆ: ನಾತ್ತೊ ತಿಂದವರು ಒಳಗೆ ಬರಬಾರದು.

ಲೋಳೆ ಎಳೆಯುವ ಆ ಹುದುಗಿಸಿದ ಕಾಳು ತಿಂದವನು ಬಾಗಿಲಲ್ಲಿ ನಿಂತರೆ ಸಾಕು, ಕೊಜಿ ಕೆಡುತ್ತದೆ. ಆದ್ದರಿಂದ ಚಳಿಗಾಲ ಮುಗಿಯುವವರೆಗೆ ನಮ್ಮ ಮನೆಯಲ್ಲಿ ನಾತ್ತೊ ಎಂಬ ಹೆಸರನ್ನೂ ಎತ್ತುವುದಿಲ್ಲ. ಗೇಟಿನಲ್ಲಿ ನಾನೇ ನಿಂತು ಬಂದವರ ಬಾಯಿ ಮೂಸುತ್ತೇನೆ. ಒಮ್ಮೆ ದೇವಸ್ಥಾನದ ಗುರುಗಳನ್ನೇ ವಾಪಸು ಕಳಿಸಿದ್ದೆ. ನಿನ್ನೆ ತಿಂದದ್ದಲ್ಲ, ಮೊನ್ನೆ ತಿಂದದ್ದು ಎಂದು ಅವರು ಒಪ್ಪಿಕೊಂಡರು.

ಇವತ್ತು ಕೋಣೆಯ ಫ್ಯಾನು ನಿಂತುಹೋಯಿತು. ರಿಪೇರಿಗೆ ತೊಕಿತಾ ಎಂಬವನು ಬಂದ. ನಾತ್ತೊಗೆ ಹೆಸರಾದ ಮಿತೊ ಕಡೆಯವನು, ನಮ್ಮ ಕಣಿವೆಯ ಹುಡುಗಿಯನ್ನು ಮದುವೆಯಾಗಿ ಬೇಸಿಗೆಯಲ್ಲಿ ಇಲ್ಲಿಗೆ ಬಂದವನು.

"ಅಮ್ಮ, ನಾನು ಬೆಳಿಗ್ಗೆ ತಿಂಡಿಗೆ..." ಎಂದು ಹಲಗೆ ನೋಡುತ್ತ ಏನೋ ಹೇಳಹೊರಟ.

"ನೀನು ಹೇಳೋದೇನೂ ಬೇಡಪ್ಪ. ಬಾಯಿ ತೆಗಿ."

ತೆಗೆದ. ಮೂಸಿದೆ. ಶುದ್ಧವಾಗಿತ್ತು. "ಹೋಗು ಒಳಗೆ," ಎಂದೆ. ಒಂದು ಗಂಟೆ ಕೆಲಸ ಮಾಡಿದ. ಒಳ್ಳೆಯ ಕೆಲಸಗಾರ. ಚಹಾ ಕೊಟ್ಟು ಕಳಿಸಿದೆ.

ಅವನು ಹೋದ ಮೇಲೆ ಗೆನ್ಸಾಕು ಒಳಗೆ ಬಂದು ಮೂಗು ಏರಿಸಿದರು. "ಇಲ್ಲಿ ಯಾರು ನಾತ್ತೊ ತಿಂದವರು ಕೂತಿದ್ರು?"

"ರೀ, ಸೀಮೆಎಣ್ಣೆ ಕುಡಿಯೋಕೆ ಹೊರಟವರು ನಂಗೆ ನಾತ್ತೊ ಪಾಠ ಹೇಳ್ಕೊಡ್ಬೇಡಿ."

ತ್ಸುರು ಅಜ್ಜಿ ಬಟ್ಟಲು ತೊಳೆಯುತ್ತಿದ್ದಳು. ಅವಳು ನಗಲಿಲ್ಲ.

ಡಿಸೆಂಬರ್ ೪

ಕೊಜಿ ಹೋಯಿತು. ಕೈ ಹಾಕಿದರೆ ಎಳೆ ಎಳೆಯಾಗಿ ಬಂತು. ಇಡೀ ಕೋಣೆ.

ತ್ಸುರು ಅಜ್ಜಿ ಬಾಗಿಲಲ್ಲೇ ಮೂಗು ಮುಚ್ಚಿಕೊಂಡು ನಿಂತಳು. ನಾನು ನಡುವೆ ನಿಂತಿದ್ದೆ. ಮೂಗು ಮುಚ್ಚಿಕೊಳ್ಳಬೇಕೆಂದು ನನಗೆ ಅನ್ನಿಸಲಿಲ್ಲ.

ಎಲ್ಲವನ್ನೂ ಗೊಬ್ಬರದ ಗುಂಡಿಗೆ ಹಾಕಿಸಿದೆ. ಕೋಣೆಯನ್ನು ಕುದಿನೀರಿನಲ್ಲಿ ತೊಳೆಸಿದೆ. ಎಲ್ಲರೂ ಹೋದ ಮೇಲೆ ಅಡುಗೆಮನೆಯ ಬಾಗಿಲು ಹಾಕಿಕೊಂಡು ಒಂದೊಂದೇ ಡಬ್ಬಿ ತೆರೆದೆ. ಶುಂಠಿ. ಹುದುಗಿಸಿದ ಮಿಸೊ. ಕರ್ಪೂರ. ಸೀಮೆಎಣ್ಣೆ.

ಎಲ್ಲವೂ ನೀರು.

ಡಿಸೆಂಬರ್ ೫

ಶೀತ. ಮೂಗು ಕಟ್ಟಿದೆ, ಅಷ್ಟೇ. ಬಿಸಿನೀರಿನ ಆವಿ ತೆಗೆದುಕೊಂಡೆ. ಯುಜುವಿನ ವಿಷಯ ಬೇರೆ, ಅದು ಮಳೆಯ ದೋಷ.

ಡಿಸೆಂಬರ್ ೧೩

ಊರಿನ ಆಸ್ಪತ್ರೆಗೆ ಹೋಗಲಿಲ್ಲ, ಅಲ್ಲಿ ಎಲ್ಲರಿಗೂ ನನ್ನ ಗುರುತು. ಎರಡು ಬಸ್ಸು ಬದಲಿಸಿ ಪಟ್ಟಣಕ್ಕೆ ಹೋದೆ. ವೈದ್ಯೆ ಚಿಕ್ಕ ವಯಸ್ಸಿನವಳು. ಹತ್ತು ಬಾಟಲಿ ಮೂಸಿಸಿದಳು.

"ಯಾವಾಗಿಂದ ಹೀಗಾಗಿದೆ?"

"ಈ ತಿಂಗಳ ಮೊದಲ ವಾರದಿಂದ."

"ಅದಕ್ಕೆ ಮೊದಲು ಜ್ವರ ಏನಾದ್ರೂ ಬಂದಿತ್ತಾ?"

"ಬಂದಿತ್ತು. ಅದು ಹೋದ ತಿಂಗಳು. ಆಮೇಲೆ ಮೂಗು ಸರಿಯಾಗೇ ಇತ್ತು."

ಅವಳು ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಮೂಗಿನ ನರಕ್ಕೆ ಪೆಟ್ಟಾಗಿದೆಯಂತೆ. ಆರು ತಿಂಗಳಲ್ಲಿ ಬರಬಹುದು, ಎರಡು ವರ್ಷ ಹಿಡಿಯಬಹುದು, ಬಾರದೆಯೂ ಇರಬಹುದಂತೆ. "ನೀವು ಏನು ಕೆಲಸ ಮಾಡ್ತೀರಿ?" ಎಂದಳು. ಮನೆಗೆಲಸ ಎಂದೆ. "ಹಾಗಾದ್ರೆ ಗ್ಯಾಸ್ ಸೋರಿಕೆ ಬಗ್ಗೆ ಹುಷಾರಾಗಿರಿ," ಎಂದಳು.

ಇರಲಿ. ಹದಿನೆಂಟು ವರ್ಷ ಬೆರೆಸಿದ್ದೇನೆ. ಕೈಗೆ ನೆನಪಿದೆ. ನಾಲಿಗೆಗೆ ಹುಳಿ ಉಪ್ಪು ಗೊತ್ತಾಗುತ್ತದೆ, ಉಳಿದದ್ದು ಅನುಭವ. ಜನವರಿ ಐದಕ್ಕೆ ನಾನೇ ಬೆರೆಸುತ್ತೇನೆ. ಯಾರಿಗೂ ಹೇಳಬೇಕಾಗಿಲ್ಲ.

ಡಿಸೆಂಬರ್ ೨೧

ಇವತ್ತು ವರ್ಷದ ಅತಿ ಸಣ್ಣ ಹಗಲು. ಯುಜು ತೇಲಿಬಿಟ್ಟ ನೀರಿನಲ್ಲಿ ಸ್ನಾನ ಮಾಡುವ ದಿನ.

ಈ ದಿನಕ್ಕೆಂದು ಗೆನ್ಸಾಕು ಮೇಲಿನ ಸಾಲಿನಲ್ಲಿ ಒಂದಷ್ಟು ಹಣ್ಣು ಕೊಯ್ಯದೆ ಬಿಟ್ಟಿದ್ದರು. ಸಂಜೆ ನಾಲ್ಕಕ್ಕೇ ಒಲೆ ಹಚ್ಚಿ, ತೊಟ್ಟಿ ತುಂಬ ಹಣ್ಣು ತೇಲಿಬಿಟ್ಟು ನನ್ನನ್ನೇ ಮೊದಲು ಹೋಗಲು ಹೇಳಿದರು. ಮನೆಯ ಯಜಮಾನ ಮೊದಲು ಇಳಿಯಬೇಕಾದ ನೀರು. "ಇವತ್ತು ನೀನು," ಎಂದರು.

ಇಳಿದೆ. ನೀರು ಬಿಸಿಯಾಗಿತ್ತು. ಹಣ್ಣುಗಳು ಗಲ್ಲಕ್ಕೆ ಬಂದು ತಾಗುತ್ತಿದ್ದವು. ಒಂದನ್ನು ನೀರಿನೊಳಗೇ ಹಿಸುಕಿ ಮುಖಕ್ಕೆ ಒತ್ತಿಕೊಂಡೆ. ಚರ್ಮ ಚುರುಚುರು ಎಂದಿತು. ಅಷ್ಟೇ.

ಚಿಕ್ಕಂದಿನಲ್ಲಿ ನಾನು ಫುಸಾ ಒಟ್ಟಿಗೆ ಈ ತೊಟ್ಟಿಯಲ್ಲೇ ಕೂರುತ್ತಿದ್ದೆವು. ಅಮ್ಮ ಹೊರಗಿನಿಂದ ಕೂಗಿ ಕೂಗಿ ಸಾಕಾಗಬೇಕು, ಏಳುತ್ತಿರಲಿಲ್ಲ. ಮೂರು ದಿನ ಕೂದಲಲ್ಲಿ ಆ ಪರಿಮಳ ಉಳಿಯುತ್ತಿತ್ತು. ಅದನ್ನು ನೆನಪಿಸಿಕೊಳ್ಳಲು ಹೋದೆ. ಪರಿಮಳ ಇತ್ತು ಎಂಬುದು ನೆನಪಿಗೆ ಬಂತು, ಪರಿಮಳ ಬರಲಿಲ್ಲ. ಅಳು ಬಂತು. ನೀರಿನಲ್ಲಿ ಅತ್ತರೆ ಯಾರಿಗೂ ಗೊತ್ತಾಗುವುದಿಲ್ಲವಾದ್ದರಿಂದ ಚೆನ್ನಾಗಿಯೇ ಅತ್ತೆ.

ಗೋಡೆಯ ಆಚೆ ಗೆನ್ಸಾಕು ಒಲೆಗೆ ಸೌದೆ ತಳ್ಳುತ್ತಿದ್ದರು. ಕಿಟಕಿಯಿಂದ ಅವರ ದನಿ ಬಂತು.

"ಮಿಸಾವೊ, ಬರ್ತಿದೆಯಾ?"

"ಏನು?"

"ವಾಸನೆ. ಬಿಸಿನೀರಲ್ಲಾದ್ರೂ ಬರತ್ತೇನೋ ಅಂತ ಇಷ್ಟು ದಿನ ಬಿಟ್ಟಿದ್ದೆ. ಬರ್ತಿದ್ರೆ ಹೇಳು."

ಹಿಸುಕಿದ ಹಣ್ಣನ್ನು ಇನ್ನೊಮ್ಮೆ ಮೂಗಿಗೆ ಹಿಡಿದೆ. "ಇಲ್ಲ," ಎಂದೆ.

"ಸರಿ ಬಿಡು."

ನಾನು ಸುಳ್ಳು ಹೇಳಲಿಲ್ಲ. ಬರಲಿಲ್ಲ, ಬರಲಿಲ್ಲ ಎಂದೆ.

ಡಿಸೆಂಬರ್ ೨೨

ಬೆಳಿಗ್ಗೆ ಏಳಕ್ಕೆ ಬೆಟ್ಟದ ಮೇಲಿನಿಂದ ಯಂತ್ರದ ಗರಗಸದ ಸದ್ದು ಕೇಳಿತು.

ಒಲೆಯ ಮೇಲಿನ ಅನ್ನವನ್ನು ಹಾಗೇ ಬಿಟ್ಟು ಓಡಿದೆ. ಏರು ದಾರಿ. ಅರ್ಧದಲ್ಲಿ ಚಪ್ಪಲಿ ಕಿತ್ತುಹೋಯಿತು. ಸದ್ದು ನಿಂತು, ಮರ ಉರುಳಿದ ಸದ್ದಾಗಿ, ಮತ್ತೆ ಶುರುವಾಯಿತು. ನಾನು ಮೇಲೆ ತಲುಪುವ ಹೊತ್ತಿಗೆ ಗೆನ್ಸಾಕು ಎರಡನೆಯ ಮರದ ಬುಡದಲ್ಲಿ ಬಗ್ಗಿದ್ದರು. ಮೊದಲನೆಯದು ನೆಲದ ಮೇಲಿತ್ತು, ಇನ್ನೂ ಆರೇಳು ಹಣ್ಣು ಅದರ ಕೊಂಬೆಯಲ್ಲೇ ಇದ್ದವು.

ಕೂಗಿದರೆ ಕೇಳಿಸಲಿಲ್ಲ. ಹಿಂದಿನಿಂದ ಹೋಗಿ ಅಂಗಿ ಹಿಡಿದು ಜಗ್ಗಿದೆ. ಗರಗಸ ಆರಿಸಿ ತಿರುಗಿದರು.

"ಹುಚ್ಚೇನೇ ನಿಂಗೆ? ಕೈ ಹೋಗ್ತಿತ್ತಲ್ಲ!"

"ಮರಕ್ಕೇನೂ ಆಗಿಲ್ಲ. ಕಡೀಬೇಡಿ. ನಂಗೆ ಆಗಿದೆ."

"ಏನಾಗಿದೆ?"

"ವಾಸನೆ ಬರಲ್ಲ. ಯಾವುದೂ ಬರಲ್ಲ. ಜ್ವರ ಬಂದಾಗಿಂದ ಬರಲ್ಲ. ತೊಕಿತಾ ಬಾಯಲ್ಲಿ ಬಂದಿದ್ದು ನಿಮಗೆ ಗೊತ್ತಾಯ್ತು, ನಂಗೆ ಗೊತ್ತಾಗ್ಲಿಲ್ಲ."

ಅವರು ಗರಗಸವನ್ನು ಕೆಳಗಿಟ್ಟರು. ಬಿದ್ದ ಮರದ ಕಾಂಡದ ಮೇಲೆ ಕೂತರು. ಬಯ್ಯುತ್ತಾರೆ ಎಂದುಕೊಂಡೆ. ಬಯ್ದಿದ್ದರೆ ಚೆನ್ನಾಗಿರುತ್ತಿತ್ತು.

"ಅಂದ್ರೆ ಇದ್ರಲ್ಲಿ ಘಮ ಇತ್ತು," ಎಂದರು.

"ಇದ್ದೇ ಇರತ್ತೆ."

"ನಂಗೆ ಬರ್ತಿತ್ತು ಕಣೇ. ದಿನಾ ಬರ್ತಿತ್ತು. ನಿಂಗೆ ಇಲ್ಲ ಅಂದ್ಮೇಲೆ ನಂದೇ ಭ್ರಮೆ ಅನ್ಕೊಂಡೆ."

ಅವರ ಪಕ್ಕ ಕೂತೆ. ಮುಳ್ಳು ಚುಚ್ಚಿತು. ನಾನು ಅವರ ಕ್ಷಮೆ ಕೇಳಿದೆ. ಮೂವತ್ತೈದು ವರ್ಷದ ಸಂಸಾರದಲ್ಲಿ ಇದಕ್ಕೆ ಮೊದಲು ಕೇಳಿದ್ದೆನೋ ಇಲ್ಲವೋ ನೆನಪಿಲ್ಲ. ಅವರು ನನ್ನ ಬರಿಗಾಲು ನೋಡಿ ತಮ್ಮ ಬೂಟು ಬಿಚ್ಚಿ ಕೊಟ್ಟರು. "ನಿನ್ನ ಮೂಗನ್ನೇ ಮದುವೆ ಆದವನು ಅಂತ ಊರವರು ಆಡ್ಕೋತಾರೆ ನನ್ನ. ಇನ್ನು ಏನಂತಾರೋ," ಎಂದರು.

ಕೆಳಗೆ ಬಂದಾಗ ಅನ್ನ ಕರಕಲಾಗಿತ್ತು. ಅಂಗಳದಲ್ಲೇ ವಾಸನೆ ಹೊಡೆಯುತ್ತಿದೆ ಎಂದು ಅವರು ಹೇಳಿದ ಮೇಲೆ ನನಗೆ ತಿಳಿಯಿತು.

ಡಿಸೆಂಬರ್ ೨೪

ಗೆನ್ಸಾಕು ಬೆರೆಸಲಾರರು. ಘಮ ಇದೆಯೋ ಇಲ್ಲವೋ ಹೇಳಬಲ್ಲರು, ಎಷ್ಟು ಎಂಬುದು ಅವರಿಗೆ ತಿಳಿಯುವುದಿಲ್ಲ. ಕಣಿವೆಯಲ್ಲಿ ಅದು ತಿಳಿದವರು ಇನ್ನೊಬ್ಬರಿಲ್ಲ. ಕುರೆ ಬಂದರಿನಲ್ಲಿ ಒಬ್ಬಳಿದ್ದಾಳೆ.

ಅಪ್ಪ ತೀರಿಕೊಂಡ ವರ್ಷ ಫುಸಾ ಒಂದು ಬೆರಕೆ ಮಾಡಿದಳು. ನಾನು ಆಳುಗಳೆಲ್ಲರ ಎದುರಿಗೆ ಅದನ್ನು ಚೆಲ್ಲಿ, ನಿನ್ನ ನಾಲಿಗೆ ಮೀನು ಮಾರಲಿಕ್ಕೆ ಲಾಯಕ್ಕು ಎಂದೆ. ಅವಳು ಹೋಗಿ ಮೀನು ಮಾರುವವನನ್ನೇ ಮದುವೆಯಾದಳು. ಹದಿನೆಂಟು ವರ್ಷದಿಂದ ಸಮಾಧಿಗೆ ಹೂವಿಡಲು ಬರುತ್ತಾಳೆ, ಪೀಪಾಯಿ ಮನೆಯ ಹೊಸಿಲು ದಾಟುವುದಿಲ್ಲ. ಆ ಬೆರಕೆ ಚೆನ್ನಾಗಿತ್ತು. ಇದನ್ನು ಮೊದಲ ಸಲ ಬರೆಯುತ್ತಿದ್ದೇನೆ.

ಫೋನು ಮಾಡಿದೆ.

"ಏನಕ್ಕ, ಯಾರು ಸತ್ರು?"

"ಯಾರೂ ಸತ್ತಿಲ್ಲ. ನನ್ನ ಮೂಗು ಹೋಗಿದೆ."

ಆಚೆ ಕಡೆ ಪಾತ್ರೆ ಇಟ್ಟ ಸದ್ದು ಕೇಳಿತು. "ಹೋಗಿದೆ ಅಂದ್ರೆ?"

"ಹೋಗಿದೆ ಅಂದ್ರೆ ಹೋಗಿದೆ. ಐದನೇ ತಾರೀಕು ನೀನು ಬಂದು ಬೆರೆಸ್ಬೇಕು."

"ಬೇಡ್ಕೋತಿದೀಯೋ, ಹುಕುಂ ಮಾಡ್ತಿದೀಯೋ?"

"ಬೇಡ್ಕೋತಿದೀನಿ. ನಂಗೆ ಬೇಡ್ಕೊಳ್ಳೋಕೆ ಬರೋದು ಹೀಗೇ."

ಅವಳು ನಕ್ಕಳೋ ಅತ್ತಳೋ ತಿಳಿಯಲಿಲ್ಲ. ಫೋನಿನಲ್ಲಿ ಎರಡೂ ಒಂದೇ ಥರ ಕೇಳಿಸುತ್ತದೆ. ಹೊಸ ವರ್ಷಕ್ಕೆ ಅಂಗಡಿಯಲ್ಲಿ ಜನ ಜಾಸ್ತಿ, ನೋಡೋಣ ಎಂದಳು.

ಡಿಸೆಂಬರ್ ೩೦

ಫುಸಾಳಿಂದ ಸುದ್ದಿಯಿಲ್ಲ. ಬರದಿದ್ದರೆ ಬೇರೆ ದಾರಿ ಯೋಚಿಸಿದರಾಯಿತು.

ಅಡುಗೆಗೆ ಉಪ್ಪು ಹುಳಿ ಈಗ ಅಳತೆ ಹಿಡಿದು ಹಾಕುತ್ತೇನೆ. ಮಧ್ಯಾಹ್ನ ಕೆಂಡದ ಮೇಲೆ ಅಣಬೆ ಸುಟ್ಟು ಹಳೆಯ ಪೊನ್‌ಜು ನಾಲ್ಕು ಹನಿ ಬಿಟ್ಟು ಕೊಟ್ಟೆ. ಒಂದು ವಿಚಿತ್ರ ನೋಡಿದೆ. ಹುಳಿ ಹದವಾಗಿದ್ದರೆ ಗೆನ್ಸಾಕುವಿನ ಎಡಗಿವಿ ಒಂದಿಷ್ಟು ಹಿಂದಕ್ಕೆ ಸರಿಯುತ್ತದೆ. ಹೆಚ್ಚಾದರೆ ಕಿವಿ ಅಲುಗುವುದಿಲ್ಲ, ಹೆಬ್ಬೆರಳು ಮಡಚಿಕೊಳ್ಳುತ್ತದೆ. ತ್ಸುರು ಅಜ್ಜಿಗೆ ಇಷ್ಟವಾದರೆ ಅಗಿಯುವುದು ನಿಧಾನವಾಗುತ್ತದೆ. ಇಷ್ಟವಾಗದಿದ್ದರೆ ಬೇಗ ನುಂಗಿ ಚೆನ್ನಾಗಿದೆ ಎನ್ನುತ್ತಾಳೆ. ಇವರೆಲ್ಲ ಮೊದಲಿನಿಂದಲೂ ಹೀಗೇ ಮಾಡುತ್ತಿದ್ದರೋ, ಇತ್ತೀಚೆಗೆ ಶುರುಮಾಡಿದ್ದೋ ಗೊತ್ತಿಲ್ಲ.

"ಏನೇ ಅದು, ಉಣ್ಣೋವಾಗ ಹಂಗೆ ದುರುಗುಟ್ಕೊಂಡು ನೋಡ್ತೀಯ? ಬಾಯಿ ಮೂಸೋದು ಹೋಯ್ತು, ಈಗ ಇದು ಶುರುವಾಯ್ತಾ?" ಎಂದರು ಗೆನ್ಸಾಕು.

ಜನವರಿ ೫

ಬೆಳಿಗ್ಗೆ ಒಂಬತ್ತಕ್ಕೆ ಗೇಟಿನ ಮುಂದೆ ಮೀನಿನ ವ್ಯಾನು ನಿಂತಿತು. ಫುಸಾ ಇಳಿದಳು. ಕೂದಲು ಇನ್ನಷ್ಟು ಬೆಳ್ಳಗಾಗಿದೆ, ಸೊಂಟ ಇನ್ನಷ್ಟು ದಪ್ಪಗಾಗಿದೆ. ಕೈಯಲ್ಲಿ ಒಂದು ಬುರಿ ಮೀನು. ಹಲಗೆ ಓದಿ ನನ್ನ ಮುಂದೆ ನಿಂತು ಬಾಯಿ ತೆರೆದಳು.

"ಮೂಸು ನೋಡೋಣ."

"ಗೆನ್ಸಾಕೂ, ಬಂದು ಇವಳ ಬಾಯಿ ಮೂಸ್ರೀ," ಎಂದು ಕೂಗಿದೆ. ಮೂವರೂ ನಕ್ಕೆವು. ಪೀಪಾಯಿ ಮನೆಯ ಹೊಸಿಲಿನಲ್ಲಿ ಮಾತ್ರ ಅವಳು ಒಂದು ಗಳಿಗೆ ನಿಂತಳು. ನಾನು ಒಳಗಿನಿಂದ ಕೈ ಚಾಚಿದೆ. ಕೈ ಹಿಡಿಯಲಿಲ್ಲ, ದಾಟಿ ಬಂದಳು.

ಬೆಂಚಿನ ಮೇಲೆ ಐದು ಬಟ್ಟಲು ಇಟ್ಟೆ. ಕಡಲ ಸೊಪ್ಪು, ಹೆರೆದ ಕತ್ಸುವೊ ನೆನೆಸಿಟ್ಟಿದ್ದ ನಾಲ್ಕನೆಯ ಪೀಪಾಯಿಯ ಶೋಯು ಎಲ್ಲದಕ್ಕೂ ಹತ್ತು ಪಾಲು. ಯುಜು ರಸ ಮೊದಲನೆಯದಕ್ಕೆ ಆರು ಪಾಲು, ಮುಂದಿನದಕ್ಕೆಲ್ಲ ಅರ್ಧರ್ಧ ಜಾಸ್ತಿ, ಐದನೆಯದಕ್ಕೆ ಎಂಟು. ಪ್ರತಿಯೊಂದರಲ್ಲೂ ಮೇಲಿನ ಸಾಲಿನ ರಸ ಕಾಲು ಭಾಗ. ರುಚಿ ನೋಡಲಿಕ್ಕೆ ಬಿಸಿನೀರಿನಲ್ಲಿ ತೋಫು ತುಂಡುಗಳು. ತೋಫುವಿಗೆ ತನ್ನದೆಂಬ ರುಚಿ ಹೆಚ್ಚಿಲ್ಲ, ಅದನ್ನು ಅದ್ದಿ ತಿಂದರೆ ಬೆರಕೆಯ ಗುಣ ಬಚ್ಚಿಟ್ಟುಕೊಳ್ಳಲಾರದು.

ಫುಸಾ ಮೊದಲು ಬರೀ ಮೂಸಿದಳು, ಐದನ್ನೂ. ಆಮೇಲೆ ಅದ್ದಿ ಅದ್ದಿ ತಿಂದಳು. ಬಾಯಿ ತೊಳೆದು ಮತ್ತೆ ಮೊದಲಿನಿಂದ. ನಾನು ಎದುರಿಗೆ ಕೂತು ನೋಡುತ್ತಿದ್ದೆ. ಬೇರೆ ಏನು ಕೆಲಸವಿತ್ತು ನನಗೆ?

"ನಾಲ್ಕನೇದು," ಎಂದಳು.

"ಅಲ್ಲ," ಎಂದೆ.

"ಅಲ್ಲ ಅಂದ್ರೆ? ನಿಂಗೆ ವಾಸನೇನೇ ಬರಲ್ಲ ಅಂದ್ಯಲ್ಲ!"

"ಬರಲ್ಲ. ಎರಡನೇ ಸುತ್ತಲ್ಲಿ ಮೂರನೇದಕ್ಕೆ ನೀನು ಎರಡು ಸಲ ತೋಫು ಅದ್ದಿದೆ. ಉಳಿದಿದ್ದಕ್ಕೆಲ್ಲ ಒಂದೊಂದೇ ಸಲ."

"ಮರೆತು ಅದ್ದಿರ್ತೀನಿ."

"ಮರೆತು ಅದ್ದಿದ್ದೇ ನಂಗೆ ಬೇಕಾಗಿರೋದು. ನಾಲ್ಕನೇದನ್ನ ತಿಂದ್ಮೇಲೆ ನನ್ನ ಮುಖ ನೋಡಿದೆ. ಯಾಕೆ ನೋಡಿದೆ?"

ಅವಳು ಬಟ್ಟಲನ್ನು ಬೆರಳಿನಿಂದ ತಿರುಗಿಸಿದಳು. "ನಿನ್ನ ಪೊನ್‌ಜು ಯಾವಾಗ್ಲೂ ಆ ಕಡೆಗೇ ಇರತ್ತೆ, ಒಂಚೂರು ಖಡಕ್ಕಾಗಿ. ಹದಿನೆಂಟು ವರ್ಷದಿಂದ ದಿನಾ ಮೀನಿನ ಮೇಲೆ ಹಾಕಿ ಕೊಡ್ತಿದೀನಿ, ನಂಗೆ ಗೊತ್ತಿಲ್ವಾ? ನಿಂಗೆ ಅದೇ ಇಷ್ಟ ಅಂತ ಹೇಳಿದೆ."

"ನಂಗೆ ಏನಿಷ್ಟ ಅಂತ ಕೇಳೋಕೆ ನಿನ್ನ ಅಷ್ಟು ದೂರದಿಂದ ಕರೆಸಿದ್ನಾ?"

"ಹಂಗಲ್ಲಕ್ಕ. ಮೂರನೇದು ಹಾಕಿ, ಆಮೇಲೆ ಅದು ತಪ್ಪು ಅಂತ ಆದ್ರೆ?"

ಬಟ್ಟಲನ್ನು ಎತ್ತಿ ಮತ್ತೆ ಕೆಳಗಿಟ್ಟಳು. ಐವತ್ತೈದು ವರ್ಷದ ಹೆಂಗಸು, ದಿನಕ್ಕೆ ನೂರು ಜನರಿಗೆ ಉಣಿಸುವವಳು. ಗೆನ್ಸಾಕು ತಮ್ಮ ಮೂಗನ್ನು ನಂಬದೆ ಮರ ಕಡಿದರು, ಇವಳು ತನ್ನ ನಾಲಿಗೆಯನ್ನು ನಂಬದೆ ನನ್ನ ಮುಖ ನೋಡುತ್ತಿದ್ದಾಳೆ. ಇಬ್ಬರಿಗೂ ಹೀಗೆ ಮಾಡಿದವಳು ನಾನು. ನಾಚಿಕೆಯಾಯಿತು. ಹಾಗೆಂದು ನಾಚಿಕೆ ಪಡುತ್ತ ಕೂರುವ ಹೊತ್ತಲ್ಲ ಅದು.

"ಫುಸಾ, ಅವತ್ತು ನಾನು ಚೆಲ್ಲಿದ್ನಲ್ಲ, ಆ ಬೆರಕೆ ಚೆನ್ನಾಗಿತ್ತು. ನನ್ನದಕ್ಕಿಂತ ಚೆನ್ನಾಗಿತ್ತು. ಅದಕ್ಕೇ ಚೆಲ್ಲಿದೆ."

ಅವಳು ತಲೆ ಎತ್ತಲಿಲ್ಲ. ಮೂಗು ಏರಿಸಿ, ಕೈವಸ್ತ್ರ ಹುಡುಕಿ, ಸಿಗದೆ ಮುಂಗೈಯಿಂದ ಒರೆಸಿಕೊಂಡಳು. "ಹದಿನೆಂಟು ವರ್ಷ ಬೇಕಾಯ್ತಾ ನಿಂಗೆ?" ಎಂದಳು. ಬೇಕಾಯಿತು ಎಂದೆ. ಆಮೇಲೆ ಅವಳು ಮೂರನೆಯ ಬಟ್ಟಲನ್ನು ಎತ್ತಿ, ನನ್ನ ಕಡೆ ನೋಡದೆ, ಕಿಟಕಿಯ ಕಡೆ ತಿರುಗಿ ಒಂದೇ ಸಲ ಕುಡಿದಳು.

"ಇದೇ," ಎಂದಳು. "ಏಳು ಪಾಲು. ಮೇಲಿನ ಸಾಲಿನದು ಇನ್ನೊಂದಿಷ್ಟು ಹಾಕು, ಕಾಲಲ್ಲ, ಮೂರನೇ ಒಂದು. ಆ ಘಮ ಕೊನೆಗೆ ಬಂದು ನಿಲ್ಲತ್ತೆ. ಬೇರೆ ಯಾವುದಕ್ಕೂ ಹಂಗಿಲ್ಲ."

ಗೆನ್ಸಾಕು ಬಾಗಿಲಲ್ಲಿ ನಿಂತಿದ್ದರು. ಅದನ್ನು ಕೇಳಿ ಜಾಡಿ ತರಲು ಹೋದರು. ಉಳಿದ ನಾಲ್ಕು ಮರಗಳಿಗೆ ಗೊಬ್ಬರ ಹಾಕುವ ದಿನ ಯಾವುದೆಂದು ಊಟದ ಹೊತ್ತಿಗೆ ನನ್ನನ್ನು ಕೇಳಲಿಲ್ಲ, ತಾವೇ ಹೇಳಿದರು.

ರಸವನ್ನು ಫುಸಾಳೇ ಸುರಿದಳು. ನಾನು ಉದ್ದನೆಯ ಹುಟ್ಟು ಹಿಡಿದು ಕೆಳಗಿನಿಂದ ಮೇಲಕ್ಕೆ ಕಲಕಿದೆ. ಮುಚ್ಚಳ ಹಾಕಿ, ಹಗ್ಗ ಬಿಗಿದು, ದಿನಾಂಕ ಬರೆದೆವು. ಇನ್ನು ಚೆರಿ ಹೂ ಬಿಡುವವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ. ಬುರಿ ಮೀನನ್ನು ತೆಳ್ಳಗೆ ಹೆಚ್ಚಿ ಬಿಸಿನೀರಿನಲ್ಲಿ ಒಂದು ಸಲ ಅಲ್ಲಾಡಿಸಿ, ಬಟ್ಟಲಿನಲ್ಲಿ ಉಳಿದಿದ್ದ ಬೆರಕೆಗೆ ಅದ್ದಿ ತಿಂದೆವು. ನನಗೆ ಹುಳಿ ಗೊತ್ತಾಯಿತು, ಉಪ್ಪು ಗೊತ್ತಾಯಿತು. ಗೆನ್ಸಾಕುವಿನ ಎರಡೂ ಕಿವಿ ಹಿಂದಕ್ಕೆ ಸರಿದವು.

ಮೂರು ಗಂಟೆಗೆ ಫುಸಾ ವ್ಯಾನು ಹತ್ತಿದಳು. ಅಂಗಡಿ ಬಾಗಿಲು ತೆರೆಯಬೇಕಲ್ಲ. ಕಿಟಕಿಯ ಗಾಜು ಇಳಿಸಿ, "ಮುಚ್ಚಳ ತೆಗೆಯೋದು ಯಾವಾಗ?" ಎಂದು ಕೇಳಿದಳು.

"ಮಾರ್ಚ್ ಕೊನೇ ವಾರ. ನೀನೇ ಬಂದು ತೆಗೀಬೇಕು."

"ಅಷ್ಟೊತ್ತಿಗೆ ನಿನ್ನ ಮೂಗು ವಾಪಸ್ ಬಂದಿರತ್ತೆ ಬಿಡು."

"ಬಂದ್ರೂ ಬಾ," ಎಂದೆ.